ಭಾಗಿಸಿದರೆ ಗುಣ, ಗುಣಿಸಿದರೆ ಕೆಲಸ

ಇಸ್ತ್ರಿ ಪೆಟ್ಟಿಗೆಯ ಹಿಂಬದಿಯಲ್ಲಿ, ವೈರು ಒಳಹೋಗುವ ಜಾಗದ ಹತ್ತಿರ, ಬೆರಳಗಲದ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮ ಮನೆಯದರ ಮೇಲೆ 230 ವೋಲ್ಟ್, 1000 ವಾಟ್ ಎಂದಿದೆ. ಹೊಸತು ತಂದ ದಿನ ಗ್ಯಾರಂಟಿ ಕಾರ್ಡಿನ ಜೊತೆ ಒಮ್ಮೆ ಕಣ್ಣಾಡಿಸಿ ಮರೆತುಬಿಡುವ ಬರಹ ಅದು. ನನಗೆ ಇಂಥ ಚೀಟಿಗಳನ್ನು ಓದುವುದೇ ಒಂದು ಸುಖ. ಸಾವಿರವನ್ನು 230ರಿಂದ ಭಾಗಿಸಿದರೆ 4.35. ಅಷ್ಟು ಆಂಪಿಯರ್ ಕರೆಂಟನ್ನು ಆ ಪೆಟ್ಟಿಗೆ ಎಳೆಯುತ್ತದೆ. 230ನ್ನು ಆ 4.35ರಿಂದ ಭಾಗಿಸಿದರೆ 53ರ ಹತ್ತಿರ ಬರುತ್ತದೆ. ಕಾಯಿಲ್‌ನ ರೋಧ ಅಷ್ಟು ಓಮ್. ಒಂದು ಸ್ಕ್ರೂ ಸಡಿಲಿಸಲಿಲ್ಲ, ಮುಚ್ಚಳ ತೆಗೆಯಲಿಲ್ಲ. ಒಳಗೆ ಕತ್ತಲಲ್ಲಿ ಕೂತ ಕಾಯಿಲ್ ತನ್ನ ಗುಟ್ಟು ಬಿಟ್ಟುಕೊಟ್ಟಿತು.

ಶಾಲೆಯಲ್ಲಿ ಕಲಿತ ಲೆಕ್ಕಗಳಲ್ಲಿ ಬಹಳಷ್ಟು ಪರೀಕ್ಷೆಯ ಜೊತೆಗೇ ಮುಗಿದುಹೋದವು. ಇದೊಂದು ಮಾತ್ರ ಉಳಿಯಿತು, ವರ್ಷ ಕಳೆದಂತೆ ರುಚಿ ಹೆಚ್ಚಿಸಿಕೊಂಡಿತು. ವೋಲ್ಟೇಜು ಗೊತ್ತಿರಬೇಕು, ಕರೆಂಟು ಗೊತ್ತಿರಬೇಕು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ವಾಟ್. ಇಷ್ಟೇ. ಆದರೆ ಈ ಎರಡು ಉತ್ತರಗಳು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಸೇರಿದವು. ಭಾಗಾಕಾರ ಆ ವಸ್ತು ಎಂಥದ್ದು ಎಂದು ಹೇಳುತ್ತದೆ, ಗುಣಾಕಾರ ಅದು ಈ ಕ್ಷಣ ಏನು ಮಾಡುತ್ತಿದೆ ಎಂದು ಹೇಳುತ್ತದೆ. ಒಂದು ಗುಣ, ಇನ್ನೊಂದು ಕೆಲಸ. ಅದೇ ಎರಡು ಅಂಕಿಗಳಿಂದ ಎರಡೂ ಸಿಗುತ್ತವೆ ಎಂಬುದು ನನಗೆ ಇವತ್ತಿಗೂ ಬೆರಗು.

ಪಿಯುಸಿ ಲ್ಯಾಬಿನ ಆ ಬೆಂಚು ನೆನಪಾಗುತ್ತದೆ. ಮರದ ಹಲಗೆಯ ಮೇಲೆ ಎಳೆದು ಕಟ್ಟಿದ ನಿಕ್ರೋಮ್ ತಂತಿ, ಒಂದು ಬ್ಯಾಟರಿ, ಜಾರುವ ಹಿಡಿಯ ರಿಯೋಸ್ಟಾಟ್, ಹಿತ್ತಾಳೆಯ ಪ್ಲಗ್ ಕೀ, ಎರಡು ಮೀಟರು. ಅಮ್ಮೀಟರು ದಾರಿಯ ನಡುವೆಯೇ ನಿಲ್ಲಬೇಕು. ಹರಿಯುವುದೆಲ್ಲ ಅದರೊಳಗಿಂದಲೇ ಹಾಯಬೇಕು, ಆದರೂ ಅದು ಹರಿವಿಗೆ ಅಡ್ಡಿಯಾಗಬಾರದು. ಹಾಗಾಗಿ ಅದರ ರೋಧ ತೀರ ಕಡಿಮೆ. ವೋಲ್ಟ್‌ಮೀಟರು ತಂತಿಯ ಎರಡು ತುದಿಗಳನ್ನು ಮುಟ್ಟಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಕರೆಂಟನ್ನು ತನ್ನ ಕಡೆ ಸೆಳೆದುಕೊಳ್ಳಬಾರದು. ಹಾಗಾಗಿ ಅದರ ರೋಧ ತೀರ ಹೆಚ್ಚು. ಅಳೆಯಲು ಬಂದವನು ಅಳೆಯುವ ವಸ್ತುವನ್ನು ಕೆಡಿಸಬಾರದು ಎಂಬ ಮರ್ಯಾದೆಯನ್ನು ಈ ಎರಡು ಪೆಟ್ಟಿಗೆಗಳು ಒಂದಕ್ಕೊಂದು ತಿರುವುಮುರುವಾದ ರೀತಿಯಲ್ಲಿ ಪಾಲಿಸುತ್ತವೆ.

ಒಳ್ಳೆಯ ಮೀಟರಿನಲ್ಲಿ ಮುಳ್ಳಿನ ಕೆಳಗೆ ಕಮಾನಿನಂಥ ಒಂದು ಕನ್ನಡಿಪಟ್ಟಿ ಇರುತ್ತದೆ. ಮುಳ್ಳೂ ಕನ್ನಡಿಯೊಳಗಿನ ಅದರ ಬಿಂಬವೂ ಒಂದರ ಹಿಂದೊಂದು ಅಡಗಿ ಒಂದೇ ಗೆರೆಯಾಗುವವರೆಗೆ ತಲೆಯನ್ನು ಆಚೀಚೆ ಸರಿಸಬೇಕು. ಆಗ ಕಂಡ ಅಂಕಿಯೇ ನಿಜ. ಉಸಿರು ಬಿಗಿಹಿಡಿದು ಹಾಗೆ ಓದಿ ಬರೆದದ್ದು: 1 ವೋಲ್ಟಿಗೆ 0.2 ಆಂಪಿಯರ್, 2 ವೋಲ್ಟಿಗೆ 0.4, 3 ವೋಲ್ಟಿಗೆ 0.6. ಒಂದೆರಡು ಕಡೆ 0.39 ಎಂದೋ 0.61 ಎಂದೋ ಬಂದಿತ್ತು, ಅಷ್ಟು ಹೊಯ್ದಾಟ ಇದ್ದದ್ದೇ. ಭಾಗಿಸಿದರೆ ಪ್ರತಿ ಸಲವೂ 5ರ ಹತ್ತಿರ. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳೆಲ್ಲ ಸೊನ್ನೆಯಿಂದ ಹೊರಟ ಒಂದು ನೇರ ಗೆರೆಗೆ ಬಂದು ಕೂತವು. ಎಷ್ಟು ನೂಕಿದರೂ ತನ್ನ 5 ಓಮ್ ಬಿಟ್ಟುಕೊಡದ ತಂತಿ ಅದು.

ಲ್ಯಾಬ್ ಪುಸ್ತಕದಲ್ಲಿ ಅಷ್ಟಕ್ಕೇ ಕಾಲಂ ಇತ್ತು. ಒಂದು ಸಂಜೆ ಸುಮ್ಮನೆ ಪಕ್ಕದಲ್ಲಿ ಪೆನ್ಸಿಲಿನಿಂದ ಗುಣಾಕಾರದ ಕಾಲಂ ಎಳೆದೆ. ಒಂದು ವೋಲ್ಟಿಗೆ 0.2 ವಾಟ್. ಎರಡಕ್ಕೆ 0.8. ಮೂರಕ್ಕೆ 1.8. ಮೊದಲನೆಯದನ್ನು ಒಂದು ಪಾಲು ಅಂದುಕೊಂಡರೆ ಉಳಿದವು ನಾಲ್ಕು ಪಾಲು, ಒಂಬತ್ತು ಪಾಲು. ಭಾಗಾಕಾರದ ಕಾಲಂ ಅಲ್ಲಾಡದೆ ನಿಂತಿದೆ. ಅದರ ಪಕ್ಕದಲ್ಲೇ ಗುಣಾಕಾರದ ಕಾಲಂ ವರ್ಗಸಂಖ್ಯೆಗಳ ಮೆಟ್ಟಿಲು ಹತ್ತುತ್ತಿದೆ. ತಂತಿಯ ಗುಣ ಬದಲಾಗಿಲ್ಲ, ಕೆಲಸ ಮಾತ್ರ ಒಂಬತ್ತು ಪಟ್ಟಾಗಿದೆ. ಆ ಪುಟವನ್ನು ಎಷ್ಟು ಹೊತ್ತು ನೋಡಿದೆನೋ ನೆನಪಿಲ್ಲ.

ಗುಣಿಸಿದರೆ ಕೆಲಸ ಏಕೆ ಬರಬೇಕು? ಉತ್ತರ ಅಳತೆಗಳ ಹೆಸರಿನಲ್ಲೇ ಇದೆ. ಒಂದು ಕೂಲಮ್ ವಿದ್ಯುದಾವೇಶ ಹಾದುಹೋಗುವಾಗ ಎಷ್ಟು ಜೌಲ್ ಶಕ್ತಿ ಕೊಡುತ್ತದೆ ಎಂಬುದೇ ವೋಲ್ಟ್. ಒಂದು ಸೆಕೆಂಡಿಗೆ ಎಷ್ಟು ಕೂಲಮ್ ಹಾದುಹೋಯಿತು ಎಂಬುದೇ ಆಂಪಿಯರ್. ಎರಡನ್ನೂ ಗುಣಿಸಿ ನೋಡಿ: ಕೂಲಮ್ ಕೂಲಮ್ಮಿಗೆ ಹೊಡೆದುಹೋಗಿ ಸೆಕೆಂಡಿಗೆ ಇಷ್ಟು ಜೌಲ್ ಎಂಬುದಷ್ಟೇ ಉಳಿಯುತ್ತದೆ. ಅದೇ ವಾಟ್. ಮೂಟೆಗೆ ಇಷ್ಟು ಕೂಲಿ, ಗಂಟೆಗೆ ಇಷ್ಟು ಮೂಟೆ ಎಂದು ಗೊತ್ತಾದರೆ ಗಂಟೆಯ ಕೂಲಿ ಎಷ್ಟೆಂದು ಹಮಾಲರು ಬಾಯಲ್ಲೇ ಹೇಳುತ್ತಾರಲ್ಲ, ಅದೇ ಲೆಕ್ಕ. ವಾಟನ್ನು ಗಂಟೆಯಿಂದ ಗುಣಿಸಿದರೆ ಬಿಲ್ಲು: 1000 ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವಾಟಿನ ಗೀಸರಿಗೆ ಒಂದು ಯೂನಿಟ್ ಮುಗಿಸಲು ಅರ್ಧ ಗಂಟೆ ಸಾಕು.

ಭಾಗಾಕಾರದ ಕತೆ ಇನ್ನೂ ಸೊಗಸಾದದ್ದು. ಗೇಯೋರ್ಗ್ ಸೈಮನ್ ಓಮ್ ಹುಟ್ಟಿದ್ದು 1789ರಲ್ಲಿ, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವರು. ತಾವೇ ಓದಿ ಕಲಿತು ಮಕ್ಕಳಿಗೆ ಮನೆಯಲ್ಲೇ ಗಣಿತ ಹೇಳಿಕೊಟ್ಟವರು. ಓಮ್ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಮೇಷ್ಟರಾಗಿದ್ದುಕೊಂಡು ಈ ಪ್ರಯೋಗಕ್ಕೆ ಕೈಹಾಕಿದರು. ಆಗ ವೋಲ್ಟ್‌ಮೀಟರಿಲ್ಲ, ಅಮ್ಮೀಟರಿಲ್ಲ. ವೋಲ್ಟ್, ಆಂಪಿಯರ್ ಎಂಬ ಹೆಸರುಗಳೂ ಇಲ್ಲ. ಆಗಿನ ಬ್ಯಾಟರಿಯಲ್ಲಿ ಕರೆಂಟು ನಿಮಿಷ ನಿಮಿಷಕ್ಕೂ ಇಳಿಯುತ್ತಿತ್ತು. ಅದನ್ನು ನಂಬಿ 1825ರಲ್ಲಿ ಅವರು ಪ್ರಕಟಿಸಿದ ಸೂತ್ರ ತಪ್ಪಾಗಿತ್ತು. ಬ್ಯಾಟರಿ ಬಿಟ್ಟು ಉಷ್ಣಯುಗ್ಮ ಹಿಡಿಯಿರಿ ಎಂದು ದಾರಿ ತೋರಿಸಿದವರು ವಿಜ್ಞಾನ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪೊಗೆನ್‌ಡಾರ್ಫ್. ಬಿಸ್ಮತ್ ಮತ್ತು ತಾಮ್ರವನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟರೆ ಕರೆಂಟು ಹರಿಯುತ್ತದೆ. ಕುದಿಯುವ ನೀರೂ ಕರಗುವ ಮಂಜೂ ತಮ್ಮ ಬಿಸಿಯ ಮಟ್ಟ ಬಿಡುವುದಿಲ್ಲ, ಹಾಗಾಗಿ ಕರೆಂಟನ್ನು ಹರಿಸುವ ನೂಕೂ, ಅಂದರೆ ವೋಲ್ಟೇಜೂ, ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

1826ರಲ್ಲಿ ಅವರು ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ತೆಗೆದುಕೊಂಡರು. ಉದ್ದ 2, 4, 6, 10, 18, 34, 66, 130 ಅಂಗುಲ. ಈ ಸಾಲನ್ನೊಮ್ಮೆ ನಿಧಾನವಾಗಿ ಓದಿ. ಪ್ರತಿ ಸಲವೂ ಮೊದಲಿನ ಆ 2ಕ್ಕೇ ಒಮ್ಮೆ 2, ಆಮೇಲೆ 4, 8, 16, 32, 64, 128 ಕೂಡಿಸುತ್ತ ಹೋಗಿದ್ದಾರೆ. ಆಯ್ಕೆಯಲ್ಲೇ ಒಬ್ಬ ಗಣಿತದ ಮೇಷ್ಟರ ಕೈ ಕಾಣುತ್ತದೆ. ತಂತಿಯ ಮೇಲೆ ತೂಗುಹಾಕಿದ ಅಯಸ್ಕಾಂತದ ಸೂಜಿ ಕರೆಂಟಿಗೆ ಸರಿಯುತ್ತಿತ್ತು. ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು, ಅದು ತೂಗಿದ ಎಳೆಯ ಮೇಲಿನ ತಲೆಯನ್ನು ಎಷ್ಟು ತಿರುಚಬೇಕೋ ಅದೇ ಕರೆಂಟಿನ ಅಳತೆ. 2 ಅಂಗುಲದ ತಂತಿಗೆ 326¾ ಬಂತು. 130 ಅಂಗುಲದ್ದಕ್ಕೆ 48½.

ಆ ಅಂಕಿಗಳಿಂದ ಓಮ್ ಹೆಣೆದ ಸೂತ್ರ ಇದು: 7285ನ್ನು, ತಂತಿಯ ಉದ್ದಕ್ಕೆ 20¼ ಕೂಡಿಸಿ ಬಂದದ್ದರಿಂದ ಭಾಗಿಸಿ. 2 ಅಂಗುಲಕ್ಕೆ 327ರ ಮೇಲೆ ಚೂರು. 130 ಅಂಗುಲಕ್ಕೆ ಹೆಚ್ಚುಕಡಿಮೆ 48½. ಇಲ್ಲಿ 7285 ಎಂಬುದು ನೂಕು, ಕೂಡಿ ಬಂದದ್ದು ರೋಧ, ಭಾಗಿಸಿ ಸಿಕ್ಕಿದ್ದು ಕರೆಂಟು. ಆ 20¼ ಏನು? ಉಷ್ಣಯುಗ್ಮ ಮತ್ತು ಉಳಿದ ಜೋಡಣೆಗಳ ಸ್ವಂತ ರೋಧ, ಅದೇ ತಾಮ್ರದ ತಂತಿಯ ಅಂಗುಲಗಳಲ್ಲಿ. ಅಳೆಯಬೇಕಾದ ತಂತಿಯ ಜೊತೆಗೆ ತನ್ನ ಉಪಕರಣವೂ ದಾರಿಗೆ ಅಡ್ಡ ಕೂತಿದೆ ಎಂದು ಅರಿತು, ಅದನ್ನೂ ಲೆಕ್ಕದಲ್ಲಿ ಒಪ್ಪಿಕೊಂಡ ಪ್ರಾಮಾಣಿಕತೆ ಆ 20¼ರಲ್ಲಿ ಅಚ್ಚಾಗಿ ಉಳಿದಿದೆ. ಸಂಗೀತ ಕೇಳುವವರು ಒಂದು ಸ್ವರದ ಕೊಂಕಿಗೆ ತಲೆದೂಗುತ್ತಾರೆ. ನಾನು ಈ ಅಂಕಿಗೆ ತಲೆದೂಗುತ್ತೇನೆ.

1827ರಲ್ಲಿ ಬರ್ಲಿನ್ನಿನಿಂದ ಅವರ ಪುಸ್ತಕ ಬಂತು. ಜರ್ಮನಿಯಲ್ಲಿ ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ಓಮ್ ಕಲೋನಿನ ಕೆಲಸ ಬಿಟ್ಟರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದದ್ದು 1852ರಲ್ಲಿ, ತೀರಿಕೊಂಡದ್ದು 1854ರಲ್ಲಿ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಅಳತೆಗೆ ಓಮ್ ಎಂಬ ಹೆಸರನ್ನೇ ಇಟ್ಟಿತು. ಬೀಗ ಮಾಡುವವರ ಮಗನ ಹೆಸರನ್ನು ಇವತ್ತು ರೇಡಿಯೋ ರಿಪೇರಿಯ ಹುಡುಗನೂ ದಿನಕ್ಕೆ ಹತ್ತು ಸಲ ಹೇಳುತ್ತಾನೆ.

ಗುಣಾಕಾರದ ಕಡೆಗೆ ಬಂದರೆ ಅಲ್ಲಿ ನಿಂತಿರುವವರು ಜೇಮ್ಸ್ ಜೌಲ್, ಇಂಗ್ಲೆಂಡಿನ ಸಾಲ್ಫರ್ಡ್‌ನ ಬಿಯರ್ ಭಟ್ಟಿಯ ಮನೆತನದ ಹುಡುಗ. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರಿನಲ್ಲಿ ನೋಡಿದರು. 1841ರಲ್ಲಿ ಪ್ರಕಟಿಸಿದ ಅವರ ತೀರ್ಮಾನ: ಹುಟ್ಟುವ ಬಿಸಿ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ನನ್ನ ಪೆನ್ಸಿಲ್ ಕಾಲಂ ಹತ್ತಿದ ಮೆಟ್ಟಿಲು ಇದೇ. ಸ್ನಾನದ ಮನೆಯ ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ಅದೇ ಪ್ರಯೋಗವನ್ನು ದಿನವೂ ಬೆಳಿಗ್ಗೆ ಮತ್ತೆ ಮಾಡಿ ತೋರಿಸುತ್ತದೆ.

ಈ ವರ್ಗದ ಬೆಲೆ ನನಗೆ ತಿಳಿದದ್ದು ಒಂದು ಸುಟ್ಟ ಪ್ಲಗ್ಗಿನಿಂದ. ಗೀಸರಿನ ಪ್ಲಗ್ ಕೀಳಲು ಹೋದರೆ ಸಾಕೆಟ್ಟಿಗೆ ಅಂಟಿಕೊಂಡಿತ್ತು. ಎಳೆದಾಗ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಾಫಿಪುಡಿಯ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತ್ತು. ಪಿನ್ನು ಸಡಿಲವಾಗಿ, ಮುಟ್ಟಿಯೂ ಮುಟ್ಟದಂತೆ ಕೂತಿತ್ತು. ಅಲ್ಲಿ ಅರ್ಧ ಓಮ್ ರೋಧ ಇತ್ತೆಂದು ಇಟ್ಟುಕೊಳ್ಳಿ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪಿಯರ್. ಅದರ ವರ್ಗ ಸುಮಾರು 76, ಅರ್ಧದಿಂದ ಗುಣಿಸಿದರೆ 38 ವಾಟ್. ಸೀಸ ಕರಗಿಸುವ ಚಿಕ್ಕ ಸೋಲ್ಡರಿಂಗ್ ಐರನ್ನು 25 ವಾಟಿನದು! ಹೆಸರುಕಾಳಿನಷ್ಟು ಜಾಗದಲ್ಲಿ ಅದಕ್ಕಿಂತ ಹೆಚ್ಚಿನ ಬಿಸಿ ದಿನವೂ ಬೆಳಿಗ್ಗೆ ಕೂಡಿಬೀಳುತ್ತಿತ್ತು. ಅದೇ ಸಡಿಲ ಪಿನ್ನಿನಲ್ಲಿ ಮೊಬೈಲ್ ಚಾರ್ಜರ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ತಪ್ಪು ಒಂದೇ, ಶಿಕ್ಷೆ ಕರೆಂಟಿನ ವರ್ಗಕ್ಕೆ ತಕ್ಕಂತೆ.

ಇಷ್ಟು ಹೊತ್ತು ತಂತಿಯ ಗುಣ ಅಚಲ ಎಂಬಂತೆ ಹೇಳಿದೆ. ಆ ಮಾತನ್ನು ಒಂದು ಹಳೆಯ ಬಲ್ಬು ತಿದ್ದುತ್ತದೆ. 60 ವಾಟಿನ ತಂತಿಬಲ್ಬು ಉರಿಯುವಾಗ ಅದರ ರೋಧ, ಲೆಕ್ಕದಂತೆ, ಸುಮಾರು 880 ಓಮ್. ಅದನ್ನೇ ಹೋಲ್ಡರಿನಿಂದ ಬಿಚ್ಚಿ ತಣ್ಣಗಿರುವಾಗ ಮಲ್ಟಿಮೀಟರಿನ ಕಡ್ಡಿ ಮುಟ್ಟಿಸಿದರೆ ಅದರ ಹತ್ತರಲ್ಲೊಂದು ಪಾಲೂ ತೋರಿಸುವುದಿಲ್ಲ. ಮೀಟರು ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಉರಿಯುವಾಗ ಟಂಗ್‌ಸ್ಟನ್ ಎಳೆ 2000 ಡಿಗ್ರಿ ದಾಟಿರುತ್ತದೆ. ಬಿಸಿಯಾದಂತೆ ಲೋಹದ ರೋಧ ಏರುತ್ತದೆ. ಇಲ್ಲಿ ಕೆಲಸವೇ ಗುಣವನ್ನು ಬದಲಾಯಿಸಿತು, ಗ್ರಾಫಿನ ನೇರ ಗೆರೆ ಬಾಗಿತು. ಹಳೆಯ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಒತ್ತಿದ ಗಳಿಗೆಯಲ್ಲೇ ಮಿಂಚಿ ಸಾಯುತ್ತಿದ್ದ ಕಾರಣವೂ ಇದೇ: ತಣ್ಣಗಿನ ಎಳೆಗೆ ರೋಧ ಕಡಿಮೆ, ಮೊದಲ ಕ್ಷಣ ನುಗ್ಗುವ ಕರೆಂಟು ಹತ್ತಾರು ಪಟ್ಟು. ನಿಕ್ರೋಮ್ ಹಾಗಲ್ಲ. ನಿಕ್ಕಲ್ಲೂ ಕ್ರೋಮಿಯಮ್ಮೂ ಬೆರೆತ ಆ ಮಿಶ್ರಲೋಹ ಕೆಂಪಗೆ ಕಾದರೂ ತನ್ನ ರೋಧವನ್ನು ಅಷ್ಟಾಗಿ ಬದಲಿಸುವುದಿಲ್ಲ. ಒಲೆಯ ಕಾಯಿಲ್‌ಗೆ ಅದನ್ನೇ ಆರಿಸಿಕೊಂಡವರ ಕಣ್ಣು ದೊಡ್ಡದು.

ಹಳ್ಳಿಯಲ್ಲಿ ಕೇಳಿಬರುವ ಮಾತು, ‘ಕರೆಂಟೇನೋ ಇದೆ, ಓಲ್ಟೇಜ್ ಇಲ್ಲ.’ ಎಂಥ ಖಚಿತವಾದ ಮಾತು! 230 ಬರಬೇಕಾದಲ್ಲಿ 180 ಬಂದರೆ ಕಾಯಿಲ್‌ಗೆ ಏನಾಗುತ್ತದೆ? ವೋಲ್ಟೇಜು ನೂರಕ್ಕೆ 78 ಪಾಲಿಗೆ ಇಳಿದರೆ ಕರೆಂಟೂ ನೂರಕ್ಕೆ 78 ಪಾಲಿಗೆ ಇಳಿಯುತ್ತದೆ. ಎರಡನ್ನೂ ಗುಣಿಸಿದಾಗ ಸಾಮರ್ಥ್ಯ ನೂರಕ್ಕೆ 61. ಒಲೆ ಸೊರಗುತ್ತದೆ, ಆದರೆ ಸುಡುವುದಿಲ್ಲ. ಬಾವಿಯ ಮೋಟಾರಿನ ದಾರಿ ಬೇರೆ. ನೀರೆತ್ತುವ ಹೊರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗುಣಲಬ್ಧ ಉಳಿಸಿಕೊಳ್ಳಲು ವೋಲ್ಟೇಜು ಇಳಿದಷ್ಟೂ ಅದು ಕರೆಂಟು ಹೆಚ್ಚು ಎಳೆಯುತ್ತದೆ. ಕರೆಂಟಿನ ವರ್ಗಕ್ಕೆ ತಕ್ಕಂತೆ ವೈಂಡಿಂಗ್ ಕಾಯುತ್ತದೆ, ಕೊನೆಗೆ ಸುಡುತ್ತದೆ. ಪೇಟೆಯ ರಿವೈಂಡಿಂಗ್ ಅಂಗಡಿಯ ಮುಂದೆ ಬೇಸಿಗೆಯಲ್ಲಿ ಸಾಲುಗಟ್ಟಿ ನಿಲ್ಲುವ ಮೋಟಾರುಗಳ ಹಿಂದೆ ಈ ಲೆಕ್ಕವೂ ಇದೆ.

ಅದೇ ಗುಣಾಕಾರ ಮೈಸೂರು ಸಂಸ್ಥಾನಕ್ಕೆ ಬೆಳಕನ್ನೂ ತಂದಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಿತು. ದೂರ 147 ಕಿಲೋಮೀಟರು. ದಿವಾನ್ ಶೇಷಾದ್ರಿ ಅಯ್ಯರ್ ಕಂಡ ಕನಸು; ಅದು ನನಸಾದದ್ದನ್ನು ನೋಡಲು ಅವರು ಇರಲಿಲ್ಲ. ಅಷ್ಟು ದೂರದ ತಾಮ್ರದ ರೋಧವನ್ನು ಯಾರೂ ಮಾಯಮಾಡಲಾರರು. ಆದರೆ ಸಾಮರ್ಥ್ಯವೆಂಬುದು ಎರಡು ಅಂಕಿಗಳ ಗುಣಲಬ್ಧ. ಯಾವುದು ದೊಡ್ಡದಿರಬೇಕು, ಯಾವುದು ಚಿಕ್ಕದಿರಬೇಕು ಎಂಬ ಆಯ್ಕೆ ಎಂಜಿನಿಯರ ಕೈಯಲ್ಲಿದೆ. 3000 ಕಿಲೋವಾಟ್ ಕಳಿಸಬೇಕೆಂದುಕೊಳ್ಳಿ, ಫೇಸುಗಳ ಲೆಕ್ಕ ಬದಿಗಿಡೋಣ. ಮನೆಯ 230 ವೋಲ್ಟಿನಲ್ಲಾದರೆ 13,000 ಆಂಪಿಯರ್ ಬೇಕು. 30,000 ವೋಲ್ಟಿಗೆ ಏರಿಸಿದರೆ 100 ಆಂಪಿಯರ್ ಸಾಕು. ಕರೆಂಟು 130 ಪಟ್ಟು ತಗ್ಗಿತು. ದಾರಿಯಲ್ಲಿ ಪೋಲಾಗುವ ಬಿಸಿ, ವರ್ಗದ ಲೆಕ್ಕದಲ್ಲಿ, 17,000 ಪಟ್ಟು ತಗ್ಗಿತು. ಕೋಲಾರದ ಲೈನನ್ನು ಸುಮಾರು 30,000 ವೋಲ್ಟಿನಲ್ಲಿ ಎಳೆದದ್ದು ಅದಕ್ಕೇ. ಮೂರು ವರ್ಷದ ಮೇಲೆ, 1905ರಲ್ಲಿ, ಅದೇ ಕಾವೇರಿಯ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹತ್ತಿದವು.

ಈ ಲೆಕ್ಕದ ರಸವನ್ನು ಸೂತ್ರದ ಹಂಗಿಲ್ಲದೆ ಸವಿಯುವವರೂ ಇದ್ದಾರೆ. ನಾನು ಹೋಗುವ ರಿಪೇರಿ ಅಂಗಡಿಯ ಮೇಜಿನ ಮೇಲೆ 100 ವಾಟಿನ ಒಂದು ಹಳೆಯ ಬಲ್ಬನ್ನು ಸಾಕೆಟ್ಟಿನ ದಾರಿಯಲ್ಲೇ ಜೋಡಿಸಿಟ್ಟಿದ್ದಾರೆ. ಸೀರೀಸ್ ಬಲ್ಬ್ ಎಂದು ಅದರ ಹೆಸರು. ಕೆಟ್ಟ ಇಸ್ತ್ರಿ ಪೆಟ್ಟಿಗೆ ಬಂದರೆ ಯಜಮಾನರು ಅದನ್ನು ಆ ಸಾಕೆಟ್ಟಿಗೆ ಹಾಕಿ ಬಲ್ಬಿನ ಕಡೆ ನೋಡುತ್ತಾರೆ. ಉರಿಯದಿದ್ದರೆ ‘ಕಾಯಿಲ್ ಕಟ್ಟಾಗಿದೆ ಸಾರ್’ ಅನ್ನುತ್ತಾರೆ. ಕಣ್ಣು ಕುಕ್ಕುವಂತೆ ಪೂರ್ತಿ ಉರಿದರೆ ಒಳಗೆ ಶಾರ್ಟ್. ಒಂದು ಎಳೆ ಕಡಿಮೆ ಉರಿದರೆ ಕಾಯಿಲ್ ಸರಿಯಿದೆ. ಬಲ್ಬಿನದು ಐನೂರು ಓಮ್ ಚಿಲ್ಲರೆ, ಕಾಯಿಲ್‌ನದು ಐವತ್ತರ ಮೇಲೆ. 230 ವೋಲ್ಟನ್ನು ಇಬ್ಬರೂ ತಮ್ಮ ರೋಧಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಾರೆ, ದೊಡ್ಡ ಪಾಲು ಬಲ್ಬಿಗೆ. ಆ ಒಂದು ಎಳೆ ಮಂಕನ್ನು ಯಜಮಾನರ ಕಣ್ಣು ಹಿಡಿಯುತ್ತದೆ. ಓಮ್ ಸೂಜಿಯನ್ನು ನೋಡಿದಂತೆ ಇವರು ಬೆಳಕನ್ನು ನೋಡುತ್ತಾರೆ. ನಾನು ಭಾಗಿಸಿ ಕಂಡುಕೊಳ್ಳುವುದನ್ನು ಅವರು ನೋಡಿಯೇ ಹೇಳುತ್ತಾರೆ.

ಒಂದು ವಿನಂತಿ. ಇವತ್ತು ಸಂಜೆ ನಿಮ್ಮ ಮನೆಯ ಮಿಕ್ಸಿ, ಗೀಸರ್, ಇಸ್ತ್ರಿ ಪೆಟ್ಟಿಗೆಗಳ ಚೀಟಿ ಓದಿ. ಮನೆಯಲ್ಲಿ ಹತ್ತನೇ ಕ್ಲಾಸಿನ ಮಗುವಿದ್ದರೆ ಕಾಗದ ಪೆನ್ಸಿಲ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೇನ್ಸ್ ಕರೆಂಟಿಗೆ ಮೀಟರು ಹಿಡಿಯಲು ಮಕ್ಕಳನ್ನು ಬಿಡಬೇಡಿ, ಚೀಟಿಯ ಮೇಲಿನ ಅಂಕಿಗಳೇ ಸಾಕು. ವಾಟನ್ನು ವೋಲ್ಟಿನಿಂದ ಭಾಗಿಸಲಿ, ಕರೆಂಟು ಬರುತ್ತದೆ. ಅದು 6 ಆಂಪಿಯರ್ ದಾಟಿದರೆ ಆ ಪ್ಲಗ್ಗಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಬೇಕು. ವೋಲ್ಟನ್ನು ಮತ್ತೆ ಆ ಕರೆಂಟಿನಿಂದ ಭಾಗಿಸಲಿ. ಗೀಸರಿಗೆ 26 ಓಮ್, ಇಸ್ತ್ರಿಗೆ 53. ಮಿಕ್ಸಿಯ ಒಳಗಿರುವುದು ಮೋಟಾರು, ಅಲ್ಲಿ ಈ ಎರಡನೆಯ ಭಾಗಾಕಾರ ಸಲ್ಲದು. ಏಕೆಂದು ಮಗು ಕೇಳಿದರೆ ತನ್ನ ಮೇಷ್ಟರನ್ನು ಕೇಳಲು ಹೇಳಿ. ಆ ಪ್ರಶ್ನೆಯಿಂದ ಮುಂದಿನ ಪಾಠ ಶುರುವಾಗುತ್ತದೆ.